ಇರುಳೂಟವೂ ಕನಸೂ

ಮದುವೆಮನೆಯಲ್ಲಿ ಹೊಟ್ಟೆ ಬಿರಿಯ ಉಂಡು ಬಂದವರು ಮರುದಿನ ಬೆಳಿಗ್ಗೆ, “ರಾತ್ರಿಯೆಲ್ಲ ಏನೇನೋ ಕನಸು, ಎಲ್ಲವೂ ಆ ಬೋಂಡದ ಫಲ” ಎನ್ನುವುದುಂಟು. ಮಗು ನಡುರಾತ್ರಿಯಲ್ಲಿ ಬೆಚ್ಚಿ ಅತ್ತರೆ ಮನೆಯ ಹಿರಿಯರು ಮೊದಲು ಕೇಳುವುದು, “ಮಲಗುವಾಗ ಇದಕ್ಕೆ ಏನು ತಿನ್ನಿಸಿದಿರಿ?” ಎಂದು. ಅಡಿಗೆಮನೆಗೂ ಕನಸಿಗೂ ನಿಜವಾಗಿ ಸಂಬಂಧವುಂಟೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕೆಟ್ಟ ಕನಸನ್ನು ಅಪಶಕುನವೆಂದು ಹೆದರಿ ಕುಳಿತರೆ ಹೊಟ್ಟೆಯ ತೊಂದರೆಗೆ ಮದ್ದು ಸಿಕ್ಕದೆ ಹೋಗಬಹುದು. ಎಲ್ಲಕ್ಕೂ ಊಟವನ್ನೇ ಹೊಣೆಮಾಡಿ ಸುಮ್ಮನಾದರೆ ಮನಸ್ಸಿನ ನೋವು ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಆದಕಾರಣ ಗೃಹಸ್ಥರಾದವರು ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡುವುದು ಲೇಸು.

ನಮ್ಮ ಪ್ರಾಚೀನ ವೈದ್ಯರು ಇದನ್ನು ವಿಚಾರಿಸದೆ ಬಿಟ್ಟಿಲ್ಲ. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು ಎಂಬ ಐದರಿಂದ ಹುಟ್ಟಿದ ಕನಸುಗಳಿಗೆ ಫಲವಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆರನೆಯದು ಮುಂದಾಗುವುದನ್ನು ಸೂಚಿಸುವಂಥದು. ಏಳನೆಯದು ವಾತಾದಿ ದೋಷಗಳಿಂದ ಹುಟ್ಟುವಂಥದು. ದೇಹ ಕೆಟ್ಟರೆ ಕನಸೂ ಕೆಡಬಹುದೆಂಬ ಭಾವನೆ ಹೀಗೆ ಬಹು ಹಳೆಯದು. ರಾತ್ರಿ ಮೊಸರನ್ನು ಉಣ್ಣಬಾರದೆಂಬ ವಿಧಿಯೂ ಅದೇ ಗ್ರಂಥದಲ್ಲುಂಟು. ಆದರೆ ಮೊಸರಿನ ವಿಧಿಯನ್ನು ಮೀರಿದವರಿಗೆ ಬರುವುದೆಂದು ಹೇಳಿರುವುದು ಜ್ವರ, ಪಾಂಡು, ಕಾಮಾಲೆ ಮೊದಲಾದ ರೋಗಗಳೇ ಹೊರತು ಕೆಟ್ಟ ಕನಸಲ್ಲ.

ಪಶ್ಚಿಮದವರಲ್ಲಿ ಈ ಅಪವಾದವು ಚೀಸ್ ಎಂಬ ಗಿಣ್ಣಿನ ಮೇಲೆ ಬಿದ್ದಿದೆ. ೧೮೪೩ರಲ್ಲಿ ಪ್ರಕಟವಾದ ಡಿಕನ್ಸನ ಕ್ರಿಸ್ಮಸ್ ಕಥೆಯಲ್ಲಿ ಜಿಪುಣ ಮುದುಕನೊಬ್ಬನು ಎದುರಿಗೆ ನಿಂತ ಪ್ರೇತವನ್ನು ಕಂಡು, ಇದು ಜೀರ್ಣವಾಗದ ಮಾಂಸದ ಅಥವಾ ಚೀಸಿನ ಚೂರಿನ ಕೆಲಸವಿರಬೇಕೆಂದು ವಾದಿಸುವನು. ೨೦೦೫ರಲ್ಲಿ ಬ್ರಿಟನ್ನಿನ ಚೀಸ್ ವ್ಯಾಪಾರದ ಸಂಸ್ಥೆಯೊಂದು ೨೦೦ ಜನರಿಗೆ ಮಲಗುವ ಮುನ್ನ ಚೀಸನ್ನು ಕೊಟ್ಟು, ಒಂದೊಂದು ಜಾತಿಯ ಚೀಸಿಗೆ ಒಂದೊಂದು ಬಗೆಯ ಕನಸು ಬೀಳುವುದೆಂದು ಸಾರಿತು. ಚೀಸ್ ತಿನ್ನದವರ ಕನಸುಗಳೊಡನೆ ಹೋಲಿಸಿ ನೋಡದೆ ಇದ್ದುದರಿಂದ ಅದಕ್ಕೆ ಜಾಹೀರಾತಿನ ಬೆಲೆಗಿಂತ ಹೆಚ್ಚಿನ ಬೆಲೆಯಿಲ್ಲ.

ಹಾಗಾದರೆ ನಿಜವೇನು? ೧೯೫೩ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಎಂಬವರು, ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ವೇಗವಾಗಿ ಚಲಿಸುವ ಅವಸ್ಥೆಯೊಂದುಂಟೆಂದು ಪ್ರಕಟಿಸಿದರು. ಸ್ಫುಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಸುಮಾರು ೯೦ ನಿಮಿಷಗಳಿಗೊಮ್ಮೆ ಈ ಅವಸ್ಥೆ ಮರಳಿ ಬರುವುದು. ಬೆಳಗಿನ ಜಾವ ಸಮೀಪಿಸಿದಂತೆ ಹೆಚ್ಚು ಹೊತ್ತು ನಿಲ್ಲುವುದು. ಹೀಗೆ ಪ್ರತಿ ರಾತ್ರಿಯೂ ನಾವು ಹಲವು ಸಲ ಕನಸು ಕಾಣುವೆವು. ಆದರೆ ನಡುವೆ ಎಚ್ಚರವಾದರೆ ಮಾತ್ರ ಅದು ನೆನಪಿನಲ್ಲಿ ಉಳಿಯುವುದು. ನಿದ್ರೆ ಮುಂದುವರಿದರೆ ಅಳಿಸಿಹೋಗುವುದು.

ಮುಖ್ಯವಾದ ಮಾತು ಇಲ್ಲಿಯೇ ಇದೆ. ಊಟವು ಕನಸನ್ನು ಕಟ್ಟುವುದೆಂಬುದಕ್ಕಿಂತ, ಅದು ನಿದ್ರೆಯನ್ನು ಕೆಡಿಸುವುದು, ಕೆಟ್ಟ ನಿದ್ರೆಯು ಕನಸನ್ನು ತೋರಿಸುವುದು ಎಂದು ಹೇಳುವುದೇ ಹೆಚ್ಚು ಸರಿ. ೧೯೯೨ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ರಾತ್ರಿಯ ಊಟದೊಡನೆ ಮೆಣಸಿನಕಾಯಿಯ ಗೊಜ್ಜನ್ನೂ ಸಾಸಿವೆಯನ್ನೂ ಬಡಿಸಿದರು. ಅಂದು ಅವರ ಮೈಯ ಕಾವು ನಿದ್ರೆಯ ಮೊದಲ ಭಾಗದಲ್ಲಿ ಏರಿತು, ಗಾಢನಿದ್ರೆ ಕಡಿಮೆಯಾಯಿತು, ಎಚ್ಚರವಾಗಿದ್ದ ಹೊತ್ತು ಹೆಚ್ಚಿತು. ಪ್ರಯೋಗವು ಚಿಕ್ಕದಾದರೂ ಖಾರದ ಊಟ ಮಾಡಿದವರ ಅನುಭವಕ್ಕೆ ಹೊಂದುವಂಥದು.

ಕೆನಡಾ ದೇಶದಲ್ಲಿ ೧,೦೮೨ ವಿದ್ಯಾರ್ಥಿಗಳನ್ನು ವಿಚಾರಿಸಿ ೨೦೨೫ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಸೂಚಿಸುತ್ತದೆ. ಊಟದಿಂದ ನಿದ್ರೆ ಬದಲಾಗುವುದೆಂದವರು ನೂರಕ್ಕೆ ಸುಮಾರು ೪೦. ಕನಸು ಬದಲಾಗುವುದೆಂದವರು ೫ರಿಂದ ೬ ಮಾತ್ರ. ಆದರೆ ಹಾಲಿನ ಸಕ್ಕರೆ ಒಗ್ಗದೆ ಹೊಟ್ಟೆಯುಬ್ಬರ ಪಡುವವರಲ್ಲಿ ದುಃಸ್ವಪ್ನಗಳ ಕಾಟ ಹೆಚ್ಚಾಗಿ ಕಂಡಿತು. ಇದು ಅವರವರೇ ಹೇಳಿದ ಮಾತುಗಳ ಲೆಕ್ಕವಾದುದರಿಂದ ಪೂರ್ಣ ಸಿದ್ಧಾಂತವಲ್ಲ. ಆದರೂ ನಮ್ಮ ಮನೆಗಳಿಗೆ ಇದು ಗಮನಾರ್ಹವಾದುದು. ನಮ್ಮ ಸೀಮೆಯ ದೊಡ್ಡವರಲ್ಲಿ ಹಾಲಿನ ಸಕ್ಕರೆಯನ್ನು ಪೂರ್ತಿ ಜೀರ್ಣಿಸಲಾರದವರು ಅನೇಕರುಂಟು. ಮಲಗುವಾಗ ಒಂದು ದೊಡ್ಡ ಲೋಟ ಹಾಲು ಕುಡಿದು, ಹೊಟ್ಟೆ ಗುಡುಗುಟ್ಟಿ, ಕನಸು ಕಂಡು ಏಳುವವರು ಹದಿನೈದು ದಿನ ಅದನ್ನು ಬಿಟ್ಟು ನೋಡಬಹುದು. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಪಾಲು ಕಳೆದುಹೋಗುವುದರಿಂದ ಹಾಲು ಒಗ್ಗದ ಎಷ್ಟೋ ಜನರಿಗೆ ಮೊಸರು, ಮಜ್ಜಿಗೆ ಒಗ್ಗುವುವು.

ಇನ್ನು ಆಚರಣೆಯ ಮಾತು. ಊಟಕ್ಕೂ ಹಾಸಿಗೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ. ಕರಿದ ತಿಂಡಿ, ಅತಿ ಖಾರ, ಹೊಟ್ಟೆಯುಬ್ಬರಿಸುವ ಕಾಳುಗಳು ಹಗಲೂಟಕ್ಕೆ ಇರಲಿ. ಕಾಫಿಯ ಸತ್ತ್ವವು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಸಂಜೆಯ ಮೇಲೆ ಅದನ್ನು ಬಿಡುವುದು ಒಳ್ಳೆಯದು. ಮದ್ಯವು ಮೊದಲು ಜೋಂಪು ಹಿಡಿಸಿದರೂ ರಾತ್ರಿಯ ಉತ್ತರಾರ್ಧದಲ್ಲಿ ನಿದ್ರೆಯನ್ನು ಮುರಿದು ತೀವ್ರವಾದ ಕನಸುಗಳನ್ನು ತರುವುದು. ಕನಸಿಗೆ ಹೆದರಿ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸುವುದೂ ಸಲ್ಲದು; ಹಸಿವೂ ನಿದ್ರೆಗೆ ಶತ್ರುವೇ.

ಕೆಟ್ಟ ಕನಸುಗಳು ಮೇಲಿಂದ ಮೇಲೆ ಬಂದರೆ ಎರಡು ವಾರಗಳ ಕಾಲ ಒಂದು ಪುಸ್ತಕದಲ್ಲಿ ಊಟದ ವಿವರ, ಮಲಗಿದ ವೇಳೆ, ಎಚ್ಚರವಾದ ವೇಳೆ ಇವನ್ನು ಬರೆದಿಡಿರಿ. ಎದೆಯುರಿ, ಹುಳಿತೇಗು, ಹೊಟ್ಟೆನೋವುಗಳೊಡನೆ ಕನಸು ಬರುತ್ತಿದ್ದರೆ ಆ ಬರಹವನ್ನು ವೈದ್ಯರಿಗೆ ತೋರಿಸಿರಿ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳಿಂದಲೂ ದುಃಸ್ವಪ್ನಗಳು ಬರುವುದುಂಟು. ಅಂಥ ಸಂಶಯವಿದ್ದರೆ ಔಷಧವನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನೇ ಕೇಳಬೇಕು.

ಪುಸ್ತಕದಲ್ಲಿ ಊಟದ ದೋಷವೇನೂ ಕಾಣದೆ ಹೋದರೆ ಆಗ ಹಗಲಿನ ಕಡೆಗೆ ನೋಡಬೇಕು. ಶಾಲೆಯಲ್ಲಿ ಹೆದರಿದ ಮಗು, ಸಾಲದ ಚಿಂತೆಯಲ್ಲಿರುವ ಯಜಮಾನ, ಹೆತ್ತವರನ್ನು ಕಳೆದುಕೊಂಡ ಸೊಸೆ, ಇವರ ಕನಸು ಪಥ್ಯದಿಂದ ನಿಲ್ಲುವುದಿಲ್ಲ. ಅವರನ್ನು ಹತ್ತಿರ ಕೂರಿಸಿಕೊಂಡು ಏನಾಯಿತೆಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.