ಗಂಟಿಗೆ ಎಷ್ಟು?

ಮರಾಠಿಯಲ್ಲಿ 'ಗಾಠವಣೇ' ಎಂಬ ಒಂದು ಚೆಂದದ ಕ್ರಿಯಾಪದವಿದೆ. ದಾದರ್, ಗಿರಗಾಂವ್ ಕಡೆಯ ಸಣ್ಣ ಅಂಗಡಿಗಳ ಮುಂದೆ 'ದಾಗಿನೇ ಗಾಠವೂನ್ ಮಿಳತೀಲ್' ಎಂಬ ಬೋರ್ಡನ್ನು ನೀವೂ ನೋಡಿರಬಹುದು. ಆಭರಣಗಳನ್ನು ದಾರಕ್ಕೆ ಹಾಕಿ ಕಟ್ಟಿಕೊಡುತ್ತೇವೆ ಎಂದರ್ಥ. ನಾವು ಕನ್ನಡದಲ್ಲಿ 'ಪೋಣಿಸು' ಎನ್ನುತ್ತೇವೆ. ಹೂವನ್ನೂ ಪೋಣಿಸುತ್ತೇವೆ, ಮುತ್ತನ್ನೂ ಪೋಣಿಸುತ್ತೇವೆ. ಮರಾಠಿಯ ಪದದೊಳಗೆ ಗಂಟು ಇದೆ, ನಮ್ಮದರಲ್ಲಿ ಇಲ್ಲ. ಎರಡು ವರ್ಷದಿಂದ ಭಾನುವಾರದ ಮಧ್ಯಾಹ್ನಗಳನ್ನು ಮುತ್ತಿನ ಸರಕ್ಕೆ ಗಂಟು ಹಾಕುತ್ತ ಕಳೆಯುತ್ತಿರುವ ನನಗೆ ಈ ವ್ಯತ್ಯಾಸ ಸಣ್ಣದಲ್ಲ.

ಒಳ್ಳೆಯ ಮುತ್ತಿನ ಸರದಲ್ಲಿ ಪ್ರತಿ ಎರಡು ಮುತ್ತುಗಳ ನಡುವೆ ಒಂದು ಗಂಟು ಇರುತ್ತದೆ. ಸಂಜೆ ಆರೂವರೆಯ ಲೋಕಲಿನಲ್ಲಿ, ಅಂಧೇರಿಯ ನೂಕುನುಗ್ಗಲಿನಲ್ಲಿ, ಯಾರದೋ ಬ್ಯಾಗಿಗೆ ಸಿಕ್ಕಿ ಸರ ಹರಿಯಿತು ಎನ್ನಿ. ಗಂಟಿಲ್ಲದ ಸರವಾದರೆ ಅರವತ್ತು ಮುತ್ತೂ ಲೇಡೀಸ್ ಡಬ್ಬಿಯ ತುಂಬ ಉರುಳುತ್ತವೆ. ಗಂಟಿದ್ದರೆ ಹೋಗುವುದು ಒಂದೇ ಮುತ್ತು. ನಮ್ಮ ಆಫೀಸಿನಲ್ಲಿ ಸರ್ವರುಗಳ ಬಗ್ಗೆ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಎಂದು ಗಂಟೆಗಟ್ಟಲೆ ಮೀಟಿಂಗ್ ಮಾಡುತ್ತೇವಲ್ಲ, ಪಟವೇಗಾರರು ಅದಕ್ಕೆ ಒಂದು ಎಳೆ ರೇಷ್ಮೆಯಲ್ಲೇ ಪರಿಹಾರ ಕಂಡುಕೊಂಡಿದ್ದರು.

ಇನ್ನೊಂದು ಕಾರಣವೂ ಇದೆ. ಮುತ್ತು ಕಲ್ಲಿನಷ್ಟು ಗಟ್ಟಿಯಲ್ಲ. ವಜ್ರಕ್ಕೆ 10 ಕೊಡುವ ಗಡಸುತನದ ಅಳತೆಯಲ್ಲಿ ಮುತ್ತು 4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದಕ್ಕೊಂದು ತಾಗುತ್ತ ಹೋದರೆ ತೂತಿನ ಅಂಚಿನ ಹೊಳಪು ಮೊದಲು ಸವೆಯುತ್ತದೆ. ಗಂಟು ಅವುಗಳ ನಡುವೆ ಮೆತ್ತನೆಯ ಗೋಡೆ. ಜೊತೆಗೆ ಸರ ಕೊರಳಿನ ಮೇಲೆ ಸೆಟೆದು ನಿಲ್ಲದೆ ಇಳಿದು ಕೂರುತ್ತದೆ.

ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಒಗ್ಗದು. ಚರ್ನಿ ರೋಡಿನಲ್ಲಿ ಇಳಿದು ಭುಲೇಶ್ವರಕ್ಕೆ ನಡೆದು ಹೋದರೆ ಮುತ್ತು, ದಾರ, ಕೊಂಡಿ ಎಲ್ಲ ಸಿಗುತ್ತವೆ. ಈಗ ಸಿಗುವ ಸಿಹಿನೀರಿನ ಮುತ್ತುಗಳಲ್ಲಿ ಹೆಚ್ಚಿನವು ಚೀನಾದವು. ರೇಷ್ಮೆ ದಾರವನ್ನು ಹಿಂದಿನ ರಾತ್ರಿಯೇ ಸಣ್ಣ ಭಾರ ಕಟ್ಟಿ ತೂಗುಹಾಕಬೇಕು. ಇಲ್ಲವಾದರೆ ಸರ ಧರಿಸಿದ ಮೇಲೆ ದಾರ ಹಿಗ್ಗಿ ಗಂಟುಗಳ ಪಕ್ಕ ಜಾಗ ಬಿಡುತ್ತದೆ. ಮುತ್ತನ್ನು ದಾರಕ್ಕೆ ಹಾಕಿ, ಅದರ ಹಿಂದೆ ಸಡಿಲವಾಗಿ ಒಂದು ಕುಣಿಕೆ ಮಾಡಿ, ಕುಣಿಕೆಯೊಳಗೆ ದಪ್ಪ ಸೂಜಿಯ ತುದಿಯನ್ನಿಟ್ಟು ಮುತ್ತಿನ ಬೆನ್ನಿಗೆ ಬರುವ ತನಕ ಸರಿಸುತ್ತ ಹೋಗಬೇಕು. ಸೂಜಿ ಮುತ್ತಿಗೆ ತಾಗಿದಾಗ ದಾರ ಎಳೆದು, ಸೂಜಿಯನ್ನು ಮೆಲ್ಲಗೆ ಹೊರಗೆ ತೆಗೆದು, ಉಗುರಿನಿಂದ ಗಂಟನ್ನು ಒತ್ತಬೇಕು. ಅಷ್ಟೇ. ಆಮೇಲೆ ಮುಂದಿನ ಮುತ್ತು. ಗಂಟು ತೂತಿಗಿಂತ ದಪ್ಪವಿರಬೇಕು, ದಾರ ತೂತಿನಲ್ಲಿ ದಾಟಬೇಕು. ದಾರ ಆರಿಸುವ ಜಾಣತನವೆಲ್ಲ ಇಷ್ಟರಲ್ಲೇ ಇದೆ. ಎರಡೂ ತುದಿಯಲ್ಲಿ, ಕೊಂಡಿಗೆ ಉಜ್ಜಿ ದಾರ ಹರಿಯದಂತೆ, ಸ್ಪ್ರಿಂಗಿನ ಹಾಗೆ ಸುತ್ತಿದ ಕೂದಲೆಳೆಯಂಥ ತಂತಿಯ ಕೊಳವೆಯೊಳಗೆ ದಾರವನ್ನು ಹಾಯಿಸುತ್ತಾರೆ.

ಆರು ಮಿಲಿಮೀಟರಿನ 60 ಮುತ್ತುಗಳನ್ನು ಒತ್ತೊತ್ತಾಗಿ ಇಟ್ಟರೆ 36 ಸೆಂಟಿಮೀಟರ್. ಗಂಟು ಸೇರಿದರೆ ಸುಮಾರು 40, ಅಂದರೆ 16 ಇಂಚು. ಕೊರಳಿಗೆ ಹಿತವಾಗಿ ಕೂರುವ ಅಳತೆ. ಆ ನಾಲ್ಕು ಸೆಂಟಿಮೀಟರ್ ಬರಿಯ ಗಂಟು. ಅಷ್ಟಕ್ಕೆ ನನಗೆ ಎರಡೂವರೆ ಗಂಟೆ ಬೇಕು. ಯಾರೂ ನೋಡದ ಜಾಗ ಅದು.

ಹುಬ್ಬಳ್ಳಿಯಲ್ಲಿ ನಾನು ಚಿಕ್ಕವಳಿದ್ದಾಗ ಈ ಕೆಲಸಕ್ಕೆ ಪಟವೇಗಾರರಿದ್ದರು. ನಮ್ಮ ಓಣಿಯ ತುದಿಯಲ್ಲಿ ಅಕ್ಕಸಾಲಿಗರ ಅಂಗಡಿಯ ಕಟ್ಟೆಯ ಮೇಲೆ ಒಬ್ಬರು ಕೂರುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಎರಡೂ ಕೈಯಿಂದ ಹೊಸೆದು, ಬೋರಮಾಳಕ್ಕೆ, ಗುಳದಾಳಿಗೆ, ಮುತ್ತಿನ ಸರಕ್ಕೆ ರೇಷ್ಮೆ ಹಾಕುತ್ತಿದ್ದರು. ಅವ್ವ ಕೆಲಸ ಮುಗಿಯುವ ತನಕ ಎದುರಿಗೇ ಕೂರುತ್ತಿದ್ದಳು. ಕೊಡುವಾಗ ಎಣಿಕೆ, ತಗೊಳ್ಳುವಾಗ ಎಣಿಕೆ. ಅದು ಅನುಮಾನವಲ್ಲ, ರೂಢಿ. ಅವರೇ ಎಣಿಸಿ ತೋರಿಸುತ್ತಿದ್ದರು. ಈಗ ಆ ಅಂಗಡಿಯೂ ಇಲ್ಲ, ಕಟ್ಟೆಯೂ ಇಲ್ಲ. ಅವ್ವನ ಸರದ ದಾರ ಕಪ್ಪಾದಾಗ ಮುಂಬೈಯ ಒಂದು ದೊಡ್ಡ ಅಂಗಡಿಗೆ ಒಯ್ದೆ. "ಗಂಟು ಯಾಕೆ ಮೇಡಂ, ನೈಲಾನ್ ಹಾಕಿಕೊಡ್ತೇವೆ, ಹತ್ತು ವರ್ಷ ಏನೂ ಆಗಲ್ಲ" ಎಂದರು. ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ಹರಿಯೂದಿಲ್ಲ ಖರೆ, ಮುತ್ತು ಮುತ್ತಿಗೆ ತಿಕ್ಕತಾವಲ್ಲವಾ? ವಾಪಸ್ ತಗೊಂಡು ಬಾ" ಎಂದಳು. ನಾನು ಕಲಿತದ್ದು ಹೀಗೆ.

ತಮಾಷೆಯೆಂದರೆ, ಇದೆಲ್ಲ ಇಲ್ಲ ಎನಿಸಿಕೊಂಡದ್ದು ಮುಂಬೈಯಲ್ಲಿ. ನೂರು ವರ್ಷದ ಹಿಂದೆ ಬಹ್ರೇನ್, ಕುವೈತ್ ಕಡೆಯ ಸಮುದ್ರದ ಮುತ್ತಿಗೆ ದೊಡ್ಡ ಮಾರುಕಟ್ಟೆ ಇದೇ ಊರು. ಕೊಲ್ಲಿಯ ವ್ಯಾಪಾರಿಗಳು ಹಂಗಾಮು ಮುಗಿಸಿ ಇಲ್ಲಿಗೆ ಬರುತ್ತಿದ್ದರು. ಇಲ್ಲಿ ವಿಂಗಡಿಸಿ, ತೂತು ಕೊರೆದು, ದಾರಕ್ಕೆ ಹಾಕಿ, ಪ್ಯಾರಿಸ್, ಲಂಡನ್ನಿಗೆ ಕಳಿಸುತ್ತಿದ್ದರು. ಆಗಿನ ಮುತ್ತಿನ ಬೆಲೆ ಹೇಗಿತ್ತೆಂದರೆ, 1917ರಲ್ಲಿ ಕಾರ್ಟಿಯೇ ಕಂಪನಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದ ಒಂದು ಬಂಗಲೆಯನ್ನು ಪಡೆದದ್ದು 10 ಲಕ್ಷ ಡಾಲರ್ ಬೆಲೆಕಟ್ಟಿದ್ದ ಎರಡೆಳೆಯ ಮುತ್ತಿನ ಹಾರ, ಮೇಲೆ 100 ಡಾಲರ್ ಕೊಟ್ಟು. ಅಷ್ಟರಲ್ಲಾಗಲೇ ಜಪಾನಿನ ಮಿಕಿಮೊಟೊ ಚಿಪ್ಪಿನಲ್ಲಿ ಮುತ್ತು ಬೆಳೆಸುವುದನ್ನು ಸಾಧಿಸಿದ್ದ. ಮೊದಲ ಫಲ ಬಂದದ್ದು 1893ರಲ್ಲಿ. ಸಾಕಿದ ಮುತ್ತು ಮಾರುಕಟ್ಟೆ ತುಂಬಿತು, 1930ರ ಹೊತ್ತಿಗೆ ಕೊಲ್ಲಿಯ ವ್ಯಾಪಾರ ಕುಸಿಯಿತು. ಆ ಹಾರ 1957ರ ಹರಾಜಿನಲ್ಲಿ ಹೋದದ್ದು 1,51,000 ಡಾಲರಿಗೆ. ಬಂಗಲೆಯಲ್ಲಿ ಈಗಲೂ ಇರುವುದು ಕಾರ್ಟಿಯೇಯೇ. ಮುತ್ತು ಅಗ್ಗವಾದಾಗ ಅದನ್ನು ಕಟ್ಟುವ ಕೈಯ ಬೆಲೆಯೂ ಜೊತೆಗೇ ಇಳಿಯಿತು ಎನ್ನುವುದು ನನ್ನ ಲೆಕ್ಕ. ಮುತ್ತು ಕಳೆದರೆ ಹೊಸದು ತಂದರಾಯಿತು ಎನ್ನುವ ಕಡೆ ಗಂಟಿಗೆ ಯಾರು ದುಡ್ಡು ಕೊಡುತ್ತಾರೆ?

ಈ ಪ್ರಶ್ನೆಗೆ ಉತ್ತರ ನಮ್ಮ ಬೀದಿಯಲ್ಲೇ ಇದೆ. ಐಟಿಯವರಿಗೆ ಮಲಾಡ್ ಎಂದರೆ ಮೈಂಡ್‌ಸ್ಪೇಸ್. ವ್ಯಾಪಾರಿಗಳಿಗೆ ಮಲಾಡ್ ಎಂದರೆ ಇಮಿಟೇಶನ್ ಜ್ಯುವೆಲರಿ. ಇಲ್ಲಿನ ಗಾಳೆಗಳಿಂದ ಮಣಿಯ ಪೊಟ್ಟಣಗಳು ಕುರಾರ್ ಕಡೆಯ ಚಾಳುಗಳಿಗೆ ಹೋಗುತ್ತವೆ, ಹೆಂಗಸರು ಅಡುಗೆಯ ನಡುವೆ, ಮಕ್ಕಳ ಹೋಮ್‌ವರ್ಕಿನ ನಡುವೆ ಪೋಣಿಸಿಕೊಡುತ್ತಾರೆ. ಅವರಲ್ಲೊಬ್ಬರನ್ನು ನಾನು ಕಾಕು ಎಂದು ಕರೆಯುತ್ತೇನೆ, ರತ್ನಾಗಿರಿ ಕಡೆಯವರು. ಒಂದು ಡಜನ್ ಮಾಲೆಗೆ ಸಿಗುವ ಹಣದಲ್ಲಿ ಸ್ಟೇಷನ್ನಿಗೆ ಹೋಗಿಬರುವ ಶೇರ್ ರಿಕ್ಷಾ ಆದೀತು. ದಾರ ನೈಲಾನು, ತುದಿಗೆ ಅಂಟು. ಕಾಕುವಿಗೆ ಗಂಟು ಬರುವುದಿಲ್ಲವೆಂದಲ್ಲ. ನನ್ನ ಸೂಜಿ ನೋಡಿ ಒಂದೇ ಮಧ್ಯಾಹ್ನದಲ್ಲಿ ಕಲಿತು, ಈಗ ನನಗಿಂತ ಬೇಗ ಹಾಕುತ್ತಾರೆ. ನನ್ನ ಎರಡೂವರೆ ಗಂಟೆ ಅವರಿಗೆ ಒಂದೂವರೆ. ಆದರೆ ಗಂಟು ಕೊಟ್ಟರೆ ಮಾಲು ತರುವವನು ಬೇಡ ಎನ್ನುತ್ತಾನಂತೆ. ಅವನ ರೇಟಿನಲ್ಲಿ ಗಂಟು ಎಂಬ ಕಾಲಮ್ಮೇ ಇಲ್ಲ.

ಕಳೆದ ತಿಂಗಳು ನನ್ನ ಟೀಮಿನ ಹುಡುಗಿಯೊಬ್ಬಳು ತನ್ನ ಅಕ್ಕನ ಮದುವೆಗೆ ಐದು ಸರ ಬೇಕು ಎಂದಳು. ನನಗೆ ರಿಲೀಸಿನ ಗಡಿಬಿಡಿ, ಕಾಕುವಿನ ಹೆಸರು ಹೇಳಿದೆ. ಎಷ್ಟು ಕೇಳಬೇಕು ಎಂದು ಕಾಕು ನನ್ನನ್ನೇ ಕೇಳಿದರು. ನಾನು ಒಂದು ಸರಕ್ಕೆ ಇಷ್ಟು ಎಂದು ಹೇಳಹೊರಟರೆ ಅವರು ತಡೆದರು. "ಸರಕ್ಕೆ ಅಲ್ಲ, ಗಂಟಿಗೆ ಹೇಳೋಣ" ಎಂದರು. ಗಂಟಿಗೆ 5 ರೂಪಾಯಿ, ಎರಡು ತುದಿಯದೂ ಸೇರಿ 61 ಗಂಟು, 305 ರೂಪಾಯಿ. ಮುತ್ತು, ದಾರ, ಕೊಂಡಿ ಅವರದೇ. ಡಜನ್ ಲೆಕ್ಕದಲ್ಲಿ ವರ್ಷಗಳಿಂದ ದುಡಿದವರು ತಮ್ಮ ಕೆಲಸವನ್ನು ಅಷ್ಟು ಸಣ್ಣದಾಗಿ ಬಿಡಿಸಿ ಎಣಿಸಿದ್ದು ನೋಡಿ ನಾನು ಸುಮ್ಮನಾದೆ.

ಹುಡುಗಿಗೆ ಅದು ಹೆಚ್ಚೆನಿಸಿತು. ಆನ್‌ಲೈನಿನಲ್ಲಿ ಮುತ್ತೂ ಸೇರಿ ಇಡೀ ಸರವೇ ಅಷ್ಟಕ್ಕೆ ಬರುತ್ತದೆ ಎಂದು ಫೋನ್ ತೋರಿಸಿದಳು. ಅದು ಸುಳ್ಳೇನಲ್ಲ, ಗಾಜಿನ ಮಣಿ, ನೈಲಾನ್ ದಾರ. ಅರ್ಧಕ್ಕೆ ಮಾಡಿಕೊಡಿ ಎಂದಳು. ಕಾಕು ಕೋಪ ಮಾಡಿಕೊಳ್ಳಲಿಲ್ಲ. "ಅರ್ಧಕ್ಕೆ ಮಾಡ್ತೇನೆ. ಮೂವತ್ತು ಗಂಟು ಹಾಕ್ತೇನೆ. ಯಾವ ಕಡೆಯ ಮುತ್ತು ಹೋದರೆ ಪರವಾಗಿಲ್ಲ, ಅದನ್ನ ನೀನೇ ಹೇಳು" ಎಂದರು. ಹುಡುಗಿ ನಕ್ಕಳು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಐದು ಸರದ ಬದಲು ಮೂರಕ್ಕೆ ಒಪ್ಪಿದಳು, ಪೂರ್ತಿ ಗಂಟಿನವು.

ಎರಡು ಆಗಿವೆ. ಮೂರನೆಯದು ಈ ವಾರ. ಇದರ ನಡುವೆ ಕಾಕುವಿನ ಮನೆಗೆ ಡಜನ್ ಲೆಕ್ಕದ ಮಾಲೂ ಬರುತ್ತಲೇ ಇದೆ, ಅದನ್ನು ಬಿಡುವ ಸ್ಥಿತಿಯಲ್ಲಿ ಅವರಿಲ್ಲ. ಅವ್ವನ ಸರ ಮಾತ್ರ ಇನ್ನೂ ನನ್ನ ಬೀರುವಿನಲ್ಲಿದೆ, ಮುತ್ತು ಎಣಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ದೀಪಾವಳಿಗೆ ಅವ್ವ ಮಲಾಡಿಗೆ ಬರುತ್ತಾಳೆ. ಕಾಕು ಗಂಟು ಹಾಕುವಾಗ ಎದುರಿಗೇ ಕೂರುತ್ತಾಳಂತೆ.