ಎರಡು ಪಿ.ಟಿ.ಗಳ ನಡುವೆ ಬಿದ್ದ ಬೆನ್ನು

ಹನ್ನೆರಡನೇ ತರಗತಿ ಮುಗಿಸಿದ ಮಗಳು ಕಿನೀಸಿಯಾಲಜಿ ಓದುತ್ತೇನೆ ಎಂದರೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, ‘ಹಾಗಂದ್ರೆ ಏನೇ?’ ಮನುಷ್ಯನ ಮೈ ಹೇಗೆ ಚಲಿಸುತ್ತದೆ ಎಂಬ ಓದು ಎಂದು ಅವಳು ಬಿಡಿಸಿ ಹೇಳಿದರೆ ಎರಡನೆಯದು, ‘ಅಂದ್ರೆ ಪಿ.ಟಿ. ಮೇಷ್ಟ್ರ ಕೆಲಸವಾ?’ ಅಲ್ಲ ಎಂದರೆ ಮೂರನೆಯದು, ‘ಫಿಸಿಯೋಥೆರಪಿನಾ? ಹಾಗಿದ್ರೆ ನೇರವಾಗಿ ಬಿಪಿಟಿಗೇ ಸೇರಬಹುದಲ್ಲ!’ ಈ ಎರಡರ ಆಚೆಗೂ ಮೈಯ ಓದು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಅದಕ್ಕೆ ಮನೆಯವರನ್ನು ಬೈದು ಪ್ರಯೋಜನವಿಲ್ಲ. ದೇಶದ ಉನ್ನತ ಶಿಕ್ಷಣವೇ ಮೈಯನ್ನು ಎರಡು ತುಂಡು ಮಾಡಿ ಹಂಚಿಕೊಂಡಿದೆ.

ಒಂದು ತುಂಡು, ಆಡುವ ಮೈ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುಮಾಡಿದರು. 1957ರಲ್ಲಿ ಗ್ವಾಲಿಯರ್‌ನಲ್ಲಿ ಸರ್ಕಾರವೇ ಒಂದು ಕಾಲೇಜು ತೆರೆಯಿತು. ಶಾಲೆಗಳ ಪಿ.ಟಿ. ಮೇಷ್ಟ್ರು ಬಂದದ್ದು ಈ ದಾರಿಯಿಂದ. ಇನ್ನೊಂದು ತುಂಡು, ನೋಯುವ ಮೈ. 1950ರ ದಶಕದ ಆರಂಭದಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಮೊದಲು ಆಕ್ಯುಪೇಷನಲ್ ಥೆರಪಿ, ಅದರ ಹಿಂದೆಯೇ ಫಿಸಿಯೋಥೆರಪಿ ಕಲಿಸುವ ಶಾಲೆಗಳು ಬಂದವು. ಅಮೆರಿಕದಲ್ಲಿ ಈ ಥೆರಪಿಸ್ಟರನ್ನೂ ಪಿ.ಟಿ. ಎಂದೇ ಕರೆಯುತ್ತಾರೆ. ಎರಡೂ ಕಡೆ ಕಿನೀಸಿಯಾಲಜಿ ಇದೆ, ಒಂದು ಪೇಪರಾಗಿ. ಪರೀಕ್ಷೆ ಬರೆದು ಮರೆಯುವ ಪೇಪರು.

ಈ ಹಂಚಿಕೆಯಲ್ಲಿ ಬಿಟ್ಟುಹೋದದ್ದು ದುಡಿಯುವ ಮೈ. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವ ಮಾಥಾಡಿ ಆಟಗಾರನಲ್ಲ, ಹಾಗಾಗಿ ಒಂದನೇ ಪಿ.ಟಿ.ಗೆ ಸೇರಿದವನಲ್ಲ. ಬೆನ್ನು ಹಿಡಿದುಕೊಳ್ಳುವವರೆಗೆ ರೋಗಿಯೂ ಅಲ್ಲ, ಹಾಗಾಗಿ ಎರಡನೆಯದಕ್ಕೂ ಸೇರುವುದಿಲ್ಲ. ಇಡೀ ದಿನ ಬಗ್ಗಿ ನಾಟಿ ಮಾಡುವ ಹೆಂಗಸು, ಎಂಟು ಗಂಟೆ ಮೆಷಿನ್ ತುಳಿಯುವ ಗಾರ್ಮೆಂಟ್ಸ್ ಕೆಲಸಗಾರ್ತಿ ಇಬ್ಬರ ಕತೆಯೂ ಇದೇ. ಅವರ ಸೊಂಟ ಕೆಟ್ಟ ಮೇಲೆ ನೋಡುವವರಿದ್ದಾರೆ. ಕೆಡುವ ಮೊದಲು ಅಳೆಯುವುದನ್ನೇ ಕಸುಬಾಗಿ ಕಲಿತು ಬಂದವರು ಎಷ್ಟು ಮಂದಿ?

ಅಳೆಯುವುದೆಂದರೆ ಬಾಯಿಮಾತಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಒಂದು ಸೂತ್ರ ಕಿನೀಸಿಯಾಲಜಿ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಎಲ್ಲವೂ ಅನುಕೂಲವಾಗಿದ್ದಾಗ ಎರಡೂ ಕೈಯಲ್ಲಿ ಎತ್ತಬಹುದಾದ ಭಾರದ ಮಿತಿ ಅದರಲ್ಲಿ 23 ಕಿಲೋ. ಆ ಭಾರ ಮೈಯಿಂದ 25 ಸೆಂಟಿಮೀಟರ್ ದೂರದ ಬದಲು 50 ಸೆಂಟಿಮೀಟರ್ ದೂರದಲ್ಲಿದ್ದರೆ ಮಿತಿ ನೇರ ಅರ್ಧಕ್ಕೆ, ಹನ್ನೊಂದೂವರೆ ಕಿಲೋಗೆ ಇಳಿಯುತ್ತದೆ. ಸೊಂಟ ತಿರುಗಿಸಿದರೆ, ನಿಮಿಷಕ್ಕೆ ಹೆಚ್ಚು ಸಲ ಎತ್ತಿದರೆ ಇನ್ನೂ ಇಳಿಯುತ್ತದೆ. ಇಲ್ಲಿನ ಧಾನ್ಯದ ಮೂಟೆ 50 ಕಿಲೋದ್ದು. ಅದಕ್ಕಿಂತ ಮುಖ್ಯವಾದದ್ದು, ಆ ಸೂತ್ರ ಮಾಥಾಡಿಗೆ ಅನ್ವಯಿಸುವುದೇ ಇಲ್ಲ. ಅದು ಮುಂದೆ ಹಿಡಿದು ಎತ್ತುವವರದು, ಹೊತ್ತು ನಡೆಯುವವರದಲ್ಲ. ಮಾಥಾಡಿ ಎಂಬ ಮಾತು ಬಂದದ್ದೇ ಮಾಥಾ, ಅಂದರೆ ತಲೆ ಎಂಬುದರಿಂದ. ತಲೆ, ಬೆನ್ನಿನ ಮೇಲೆ ಹೊರುವ ದೇಶ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳಬೇಕು.

ಕಾನೂನು ಇಲ್ಲವೆ? ಇದೆ. 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್, ಗಾಯ ತರಬಹುದಾದಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಎಂದಿತು. ಎಷ್ಟು ಕಿಲೋ ಎಂಬುದನ್ನು ರಾಜ್ಯಗಳಿಗೆ ಬಿಟ್ಟಿತು. 1969ರ ಮಹಾರಾಷ್ಟ್ರದ ಮಾಥಾಡಿ ಕಾಯ್ದೆ ಕೂಲಿ, ಭವಿಷ್ಯನಿಧಿಗಳಿಗೆ ವ್ಯವಸ್ಥೆ ಮಾಡಿತು, ದೊಡ್ಡ ಕೆಲಸವೇ. ಆದರೆ ಎಷ್ಟು ಎತ್ತರ, ಎಷ್ಟು ದೂರ, ಎಷ್ಟು ಸಲ ಎಂದು ಕೇಳಬಲ್ಲ ಜನರಿಲ್ಲದೆ ತೂಕದ ಒಂದೇ ಅಂಕಿ ಬೆನ್ನು ಕಾಯುವುದಿಲ್ಲ.

ಬೇರೆ ಕಡೆ ಈ ತುಂಡುಗಳನ್ನು ಸೇರಿಸುವ ಪ್ರಯತ್ನ ನಡೆದಿದೆ. ದೈಹಿಕ ಶಿಕ್ಷಣವೂ ಒಂದು ಜ್ಞಾನಶಿಸ್ತು ಎಂದು ಬರ್ಕ್ಲಿಯ ಫ್ರಾಂಕ್ಲಿನ್ ಹೆನ್ರಿ 1964ರಲ್ಲಿ ವಾದಿಸಿದರು. 1967ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಕಿನೀಸಿಯಾಲಜಿ ಹೆಸರಿನಲ್ಲೇ ವಿಭಾಗ ತೆರೆಯಿತು. ಅಂಗರಚನೆ, ಬಯೋಮೆಕ್ಯಾನಿಕ್ಸ್, ವ್ಯಾಯಾಮದ ಶರೀರಕ್ರಿಯೆ, ಚಲನೆಯನ್ನು ಮಿದುಳು ಕಲಿಯುವ ಬಗೆ, ಎರ್ಗೊನಾಮಿಕ್ಸ್ ಇವೆಲ್ಲ ಇಂಥ ಪದವಿಯಲ್ಲಿ ಒಂದೇ ಸೂರಿನಡಿ ಬರುತ್ತವೆ.

ಅಲ್ಲಿಯೂ ಎಲ್ಲ ಸರಿಯಿಲ್ಲ. ಅಮೆರಿಕದಲ್ಲಿ ಅನೇಕರಿಗೆ ಇದು ಫಿಸಿಕಲ್ ಥೆರಪಿಯ ಡಾಕ್ಟರೇಟಿಗೆ ಮುನ್ನ ಕೂರುವ ವೇಟಿಂಗ್ ರೂಮು. ನಾಲ್ಕು ವರ್ಷದ ಪದವಿಯಷ್ಟೇ ಇದ್ದರೆ ಥೆರಪಿಸ್ಟ್ ಲೈಸೆನ್ಸ್ ಸಿಗದು, ಮುಂದೆ ಇನ್ನೂ ಸುಮಾರು ಮೂರು ವರ್ಷ ಓದಬೇಕು. ಸಾಲ ಮಾಡಿ ಮಕ್ಕಳನ್ನು ಕಳಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಒಂಟಾರಿಯೊ ಪ್ರಾಂತ್ಯ ಮಾತ್ರ 2013ರಿಂದ ಕಿನೀಸಿಯಾಲಜಿಸ್ಟ್ ಎಂಬುದನ್ನೇ ನೋಂದಾಯಿತ ವೃತ್ತಿಯಾಗಿಸಿದೆ. ಪದವಿಗೆ ಮಾನ ಬರುವುದು ಹಾಗೆ.

‘ಓದಿ ಕೆಲಸ ಎಲ್ಲಿ?’ ಎಂಬುದು ನ್ಯಾಯವಾದ ಪ್ರಶ್ನೆ. ಕ್ರೀಡಾ ವಿಜ್ಞಾನದ ಪದವಿಗಳು ಇಲ್ಲೂ ಅಲ್ಲಲ್ಲಿ ಬಂದಿವೆ, ಅವಕ್ಕೆ ಜಿಮ್ಮು, ಲೀಗು, ಅಕಾಡೆಮಿಗಳ ಬೇಡಿಕೆಯಿದೆ. ಹಮಾಲಿಯ ಬೆನ್ನಿಗೆ ಪ್ರಾಯೋಜಕರಿಲ್ಲ. ಆದ್ದರಿಂದಲೇ ಇದನ್ನು ಮಾರುಕಟ್ಟೆಗೆ ಬಿಡಬಾರದು. ಸರ್ಕಾರಿ ವಿಶ್ವವಿದ್ಯಾಲಯಗಳು ಪದವಿ ತೆರೆಯಲಿ. ಕಾರ್ಖಾನೆ, ಗೋದಾಮು, ಎಪಿಎಂಸಿಗಳಲ್ಲಿ ಭಾರ, ಭಂಗಿಗಳ ತಪಾಸಣೆ ಕಡ್ಡಾಯವಾಗಲಿ. ಆ ತಪಾಸಣೆಯ ಹುದ್ದೆಗೆ ಈ ಪದವಿ ಅರ್ಹತೆಯಾಗಲಿ. ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಹುದ್ದೆ ಹುಟ್ಟಿದ್ದೂ ಕಾನೂನು ಕಡ್ಡಾಯ ಮಾಡಿದ್ದರಿಂದ, ಯಾರೋ ಮಾಲೀಕರ ಕರುಣೆಯಿಂದಲ್ಲ.

ಅಲ್ಲಿಯವರೆಗೆ ಆ ಮಗಳು ಬಿಪಿಟಿಗೇ ಸೇರುತ್ತಾಳೆ. ಒಳ್ಳೆಯ ಓದೇ ಅದು. ಮಾಥಾಡಿ ಅವಳ ಬಳಿಗೆ ಬಂದೇ ಬರುತ್ತಾನೆ, ಬೆನ್ನು ಹೋದ ಮೇಲೆ.