ಟ್ಯಾಂಪೂನ್: ‘ಅಲ್ಲಿ’ ಎಂದರೆ ಸಾಲದು

ಹತ್ತಿ ಅಥವಾ ರೇಯಾನ್ ಎಳೆಗಳನ್ನು ಬಿಗಿಯಾಗಿ ಒತ್ತಿ ಮಾಡಿದ, ಕಿರುಬೆರಳಿನ ಗಾತ್ರದ ಸುರುಳಿಯೇ ಟ್ಯಾಂಪೂನ್. ಅದರ ಒಂದು ತುದಿಗೆ ದಾರ ಹೊಲಿದಿರುತ್ತದೆ. ಮುಟ್ಟಿನ ರಕ್ತ ಮೈಯಿಂದ ಹೊರಗೆ ಬಂದ ಮೇಲೆ ಪ್ಯಾಡ್ ಅದನ್ನು ಹಿಡಿಯುತ್ತದೆ. ಟ್ಯಾಂಪೂನ್ ಯೋನಿಯೊಳಗೇ ಹೀರಿಕೊಳ್ಳುತ್ತದೆ. ಒಳಸೇರಿಸಲು ರಟ್ಟಿನ ಕೊಳವೆಯಿದ್ದ ಮಾದರಿಗೆ 1933ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಡೆನ್ವರ್‌ನ ವೈದ್ಯ ಅರ್ಲ್ ಹಾಸ್. ಆ ಹಕ್ಕನ್ನು ಕೊಂಡು ಟ್ಯಾಂಪ್ಯಾಕ್ಸ್ ಕಂಪನಿ ಕಟ್ಟಿದವರು ಗರ್ಟ್ರೂಡ್ ಟೆಂಡ್ರಿಕ್ ಎಂಬ ಮಹಿಳೆ. ಕೊಳವೆಯ ಗೊಡವೆಯಿಲ್ಲದೆ ಬೆರಳಿನಿಂದಲೇ ಸೇರಿಸಿಕೊಳ್ಳುವ ‘ಓ.ಬಿ.’ ಎಂಬ ಬಗೆಯನ್ನು ರೂಪಿಸಿದವರು ಜರ್ಮನಿಯ ಸ್ತ್ರೀರೋಗ ತಜ್ಞೆ ಜುಡಿತ್ ಎಸ್ಸರ್. ಈ ಎರಡು ಬಗೆಗಳಲ್ಲಿ ಯಾವುದನ್ನು ಆರಿಸುವುದು ಎಂಬಲ್ಲಿಂದಲೇ ಕಲಿಯುವವಳ ಮೊದಲ ಗೊಂದಲ ಶುರುವಾಗುತ್ತದೆ.

ಭಾರತದಲ್ಲಿ ಇದರ ಬಳಕೆ ತೀರಾ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದವರಲ್ಲಿ ಶೇ 64ರಷ್ಟು ಮಂದಿ ಪ್ಯಾಡ್ ಬಳಸುತ್ತಿದ್ದರು, ಶೇ 50ರಷ್ಟು ಮಂದಿ ಬಟ್ಟೆ ಬಳಸುತ್ತಿದ್ದರು. ಎರಡನ್ನೂ ಬಳಸುವವರು ಎರಡೂ ಲೆಕ್ಕದಲ್ಲಿದ್ದಾರೆ. ಟ್ಯಾಂಪೂನ್ ಬಳಸುವವರು ಬೆರಳೆಣಿಕೆಯಷ್ಟು. ಹಾಗಾಗಿ ಇಂದು ಹದಿಹರೆಯದ ಮಗಳಿರುವ ಕನ್ನಡದ ತಾಯಿ ಬಟ್ಟೆಯಿಂದ ಪ್ಯಾಡ್‌ಗೆ ಬಂದ ತಲೆಮಾರಿನವಳು. ಮಗಳಿಗೆ ಹೇಳಿಕೊಡಬೇಕಾದ ವಿಷಯದಲ್ಲಿ ಅವಳಿಗೂ ಅನುಭವವಿಲ್ಲ.

ಈ ಇಕ್ಕಟ್ಟು ಎದ್ದು ಕಾಣುವ ಜಾಗಗಳಲ್ಲಿ ಕತಾರ್ ಒಂದು. ದೋಹಾದ ದಕ್ಷಿಣಕ್ಕೆ ಉಮ್ ಅಲ್ ಹೌಲ್‌ನಲ್ಲಿರುವ ಹಮದ್ ಬಂದರು 2017ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಅದೇ ವರ್ಷ ಜೂನ್‌ನಲ್ಲಿ ನೆರೆಯ ದೇಶಗಳು ದಿಗ್ಬಂಧನ ಹೇರಿ ದುಬೈನ ಜೆಬೆಲ್ ಅಲಿ ಬಂದರಿನ ದಾರಿ ಮುಚ್ಚಿದಾಗ, ಭಾರತದ ಮುಂದ್ರಾ ಮತ್ತು ನ್ಹಾವಾ ಶೇವಾ ಬಂದರುಗಳಿಂದ ಇಲ್ಲಿಗೆ ನೇರ ಹಡಗು ಮಾರ್ಗ ತೆರೆಯಿತು. ಮನೆಬಳಕೆಯ ಸಾಮಾನಿಗೆ ಆಮದನ್ನೇ ನೆಚ್ಚಿಕೊಂಡ ದೇಶದಲ್ಲಿ ಅಕ್ಕಿ, ಬೇಳೆ, ಸೋಪು, ಪ್ಯಾಡ್ ಎಲ್ಲದಕ್ಕೂ ಹೆಬ್ಬಾಗಿಲು ಈ ಬಂದರು. ಬಂದರಿನಲ್ಲೂ ಪಕ್ಕದ ಮೆಸಯೀದ್ ಕೈಗಾರಿಕಾ ನಗರದಲ್ಲೂ ದುಡಿಯುವವರಿಗೆ ವಕ್ರಾ, ವುಕೈರ್ ಹತ್ತಿರದ ಊರುಗಳು. ಮಂಗಳೂರು, ಉಡುಪಿ, ಕಾಸರಗೋಡು ಕಡೆಯಿಂದ ಬಂದ ಸಂಸಾರಗಳು ಕತಾರ್‌ನಲ್ಲಿ ಬೇಕಾದಷ್ಟಿವೆ. ಊರಿನ ಅಂಗಡಿಯಲ್ಲಿ ಕೇಳಿದರೂ ಸಿಗದ ಟ್ಯಾಂಪೂನ್ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಪ್ಯಾಡ್‌ನ ಪಕ್ಕದಲ್ಲೇ ಕೂತಿರುತ್ತದೆ. ಕಂಟೇನರಿನಲ್ಲಿ ಕಡಲು ದಾಟಿ ಬಂದ ಪೆಟ್ಟಿಗೆ ಕಪಾಟಿನಿಂದ ಮನೆಯ ಬಚ್ಚಲಿಗೆ ಬರುವ ನಾಲ್ಕು ಹೆಜ್ಜೆಯಲ್ಲಿ ನಿಂತುಬಿಡುತ್ತದೆ.

ಹುಡುಗಿಗೆ ಅದು ಬೇಕೆನಿಸಲು ಕಾರಣಗಳು ಸರಳ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುವ ಕಡೆ ಬೆವರಿಗೂ ಪ್ಯಾಡ್‌ನ ಉಜ್ಜುವಿಕೆಗೂ ತೊಡೆಸಂದಿ ಕೆಂಪಾಗಿ ಉರಿಯುತ್ತದೆ. ಇನ್ನೊಂದು ಕಾರಣ ಈಜು. ಶಾಲೆಯದೋ ವಸತಿ ಸಮುಚ್ಚಯದ್ದೋ ಕೊಳವಿದ್ದು, ಗೆಳತಿಯರೆಲ್ಲ ನೀರಿಗಿಳಿದಾಗ ‘ಶೀತ’ ಎಂದು ಸುಳ್ಳು ಹೇಳಿ ದಡದಲ್ಲಿ ಕೂರುವುದು ತಿಂಗಳ ಪಾಡಾಗುತ್ತದೆ. ನೀರಿನಲ್ಲಿ ಪ್ಯಾಡ್ ಉಬ್ಬಿ ಕೆಲಸಕ್ಕೆ ಬಾರದಾಗುತ್ತದೆ. ಟ್ಯಾಂಪೂನ್ ಒಳಗಿರುವುದರಿಂದ ಈಜಬಹುದು. ಮೇಲೆ ಬಂದ ಕೂಡಲೇ ಬದಲಿಸಿದರಾಯಿತು.

ಅಡ್ಡಿ ಮೊದಲು ಎದುರಾಗುವುದು ಭಾಷೆಯಲ್ಲಿ. ಮುಟ್ಟಿಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ: ಹೊರಗಾಗುವುದು, ಕಾಗೆ ಮುಟ್ಟುವುದು, ಡೇಟ್, ಪೀರಿಯಡ್ಸ್. ಭೂಮಿತಾಯಿಗೇ ಮುಟ್ಟಾಗುತ್ತದೆಂದು ಮೂರು ದಿನ ನೆಲ ಅಗೆಯದೆ ಕೆಡ್ಡಸ ಆಚರಿಸುವ ತುಳುನಾಡಿನಲ್ಲಂತೂ ಅದು ಊರಹಬ್ಬ. ಆದರೆ ರಕ್ತ ಹೊರಬರುವ ಜಾಗಕ್ಕೆ ಮನೆಮಾತಿನಲ್ಲಿ ಇರುವುದು ‘ಕೆಳಗೆ’ ಇಲ್ಲವೇ ‘ಅಲ್ಲಿ’. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗಿಗೆ ಅಂಗಗಳ ಇಂಗ್ಲಿಷ್ ಹೆಸರು ಪಾಠದಿಂದ ಗೊತ್ತಿರುತ್ತದೆ, ತಾಯಿಗೆ ‘ಯೋನಿ’ ಎಂಬ ಪುಸ್ತಕದ ಪದ ಗೊತ್ತಿರುತ್ತದೆ. ಇಬ್ಬರೂ ಮಾತಿಗೆ ಕೂತಾಗ ಉಳಿಯುವುದು ‘ಅಲ್ಲಿ’ ಮಾತ್ರ. ಪ್ಯಾಡ್‌ಗೆ ಅಷ್ಟು ಸಾಕು, ಅದನ್ನು ಒಳಉಡುಪಿಗೆ ಅಂಟಿಸಿದರೆ ಮುಗಿಯಿತು. ಟ್ಯಾಂಪೂನ್‌ಗೆ ಸಾಲದು. ‘ಅಲ್ಲಿ’ ಮೂರು ದ್ವಾರಗಳಿವೆ: ಮುಂದೆ ಮೂತ್ರದ್ದು, ಹಿಂದೆ ಗುದ, ನಡುವೆ ಯೋನಿ. ಎಷ್ಟೋ ಹುಡುಗಿಯರಿಗೆ, ಕೆಲವು ತಾಯಂದಿರಿಗೂ, ಮೂತ್ರಕ್ಕೂ ಮುಟ್ಟಿಗೂ ಒಂದೇ ದಾರಿ ಎಂಬ ಭಾವನೆಯಿರುತ್ತದೆ. ಟ್ಯಾಂಪೂನ್ ಹಾಕಿದರೆ ಮೂತ್ರ ಕಟ್ಟುತ್ತದೆಂಬ ಅಂಜಿಕೆ ಹುಟ್ಟುವುದು ಈ ತಪ್ಪಿನಿಂದ.

ಆದ್ದರಿಂದ ಕಲಿಕೆ ಮುಟ್ಟಿಲ್ಲದ ದಿನ, ಅವಸರವಿಲ್ಲದ ಹೊತ್ತಿನಲ್ಲಿ, ಚಿತ್ರದಿಂದ ಶುರುವಾಗಬೇಕು. ಪೆಟ್ಟಿಗೆಯೊಳಗಿನ ಕರಪತ್ರದಲ್ಲಿ ಒಳ್ಳೆಯ ಚಿತ್ರವಿರುತ್ತದೆ. ಒಂದು ಟ್ಯಾಂಪೂನನ್ನು ಬಿಚ್ಚಿ ಲೋಟದ ನೀರಿನಲ್ಲಿ ಅದ್ದಿ ಅದು ಅರಳುವುದನ್ನು ನೋಡುವುದು, ದಾರವನ್ನು ಜಗ್ಗಿ ಗಟ್ಟಿಯೋ ಎಂದು ಪರೀಕ್ಷಿಸುವುದು, ಕೊಳವೆಯಿದ್ದರೆ ಗಾಳಿಯಲ್ಲೇ ಒಮ್ಮೆ ತಳ್ಳಿ ನೋಡುವುದು ಹತ್ತು ನಿಮಿಷದ ಕೆಲಸ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಒಳಗೆ ಕಳೆದುಹೋದರೆ ಎಂಬ ಪ್ರಶ್ನೆಗೂ ಚಿತ್ರವೇ ಉತ್ತರ. ಯೋನಿಯ ಮೇಲ್ತುದಿಯಲ್ಲಿ ಗರ್ಭಕಂಠವಿದೆ, ಅದರ ರಂಧ್ರ ತೀರಾ ಕಿರಿದು, ಟ್ಯಾಂಪೂನ್ ಅದನ್ನು ದಾಟಿ ಎಲ್ಲಿಗೂ ಹೋಗಲಾರದು.

ಕತಾರ್‌ಗೆ ನಾನಾ ದೇಶಗಳ ಸರಕು ಬರುವುದರಿಂದ ಪೆಟ್ಟಿಗೆಯ ಮೇಲಿನ ಗುರುತು ಒಂದೇ ರೀತಿ ಇರುವುದಿಲ್ಲ. ಯುರೋಪಿನ ಪೆಟ್ಟಿಗೆಗಳಲ್ಲಿ ಹೀರುವ ಶಕ್ತಿಯನ್ನು ಹನಿಗಳ ಚಿತ್ರದಲ್ಲಿ ತೋರಿಸುತ್ತಾರೆ. ಅಮೆರಿಕದ ಅಳತೆಯಲ್ಲಿ ‘ಲೈಟ್’ ಎಂದರೆ 6 ಗ್ರಾಂವರೆಗೆ, ‘ರೆಗ್ಯುಲರ್’ ಎಂದರೆ 6ರಿಂದ 9 ಗ್ರಾಂ. ಕಲಿಯುವವಳಿಗೆ ಬೇಕಾದದ್ದು ಎಲ್ಲಕ್ಕಿಂತ ಕಡಿಮೆಯದು. ನುಣುಪು ಪ್ಲಾಸ್ಟಿಕ್ ಕೊಳವೆಯಿದ್ದರೆ ಹಲವರಿಗೆ ಸುಲಭ. ಬೆರಳಿನಿಂದಲೇ ದಿಕ್ಕು ಚೆನ್ನಾಗಿ ತಿಳಿಯುತ್ತದೆ ಎನ್ನುವವರೂ ಇದ್ದಾರೆ.

ದಿನದ ಆಯ್ಕೆಯಲ್ಲಿ ಸಾಮಾನ್ಯ ತಪ್ಪೊಂದಿದೆ. ಸ್ರಾವ ಕಡಿಮೆಯಿರುವ ಕೊನೆಯ ದಿನ ಪ್ರಯತ್ನಿಸಿದರೆ ಸುಲಭ ಎಂದುಕೊಳ್ಳುತ್ತಾರೆ. ಒಣಗಿದ ಜಾಗದಲ್ಲಿ ಒಣ ಹತ್ತಿ ತರಚುತ್ತದೆ. ಎರಡನೆಯ ದಿನದಂತೆ ಸ್ರಾವ ಚೆನ್ನಾಗಿರುವಾಗ ಸಲೀಸು. ಕೈ ತೊಳೆದು, ಒಂದು ಕಾಲನ್ನು ಕಮೋಡಿನ ಮೇಲಿಟ್ಟೋ ಮಂಡಿ ಅಗಲಿಸಿ ಕುಳಿತೋ ಸೇರಿಸಬೇಕು. ಕುಕ್ಕರಗಾಲಲ್ಲಿ ಕೂರುವ ರೂಢಿಯಿರುವವರಿಗೆ ಆ ಭಂಗಿಯೇ ಉತ್ತಮ. ಪಾಶ್ಚಾತ್ಯ ಕರಪತ್ರಗಳು ವಿವರಿಸಲು ಹೆಣಗುವುದನ್ನು ಊರಿನ ಹುಡುಗಿ ದಿನವೂ ಮಾಡುತ್ತಾಳೆ. ದಿಕ್ಕು ನೆಟ್ಟಗೆ ಮೇಲಕ್ಕಲ್ಲ, ಸೊಂಟದ ಹಿಂಭಾಗದ ಕಡೆಗೆ. ಹೆಚ್ಚಿನವರಿಗೆ ನೋವಾಗುವುದು ಈ ಓರೆ ತಿಳಿಯದೆ. ಸರಿಯಾಗಿ ಕೂತ ಟ್ಯಾಂಪೂನ್ ಇದೆಯೆಂದೇ ಅನಿಸುವುದಿಲ್ಲ. ಒತ್ತಿದಂತೆ, ಚುಚ್ಚಿದಂತೆ ಆದರೆ ಅದು ಬಾಗಿಲಲ್ಲೇ ನಿಂತಿದೆ ಎಂದರ್ಥ, ಇನ್ನಷ್ಟು ಒಳಗೆ ಹೋಗಬೇಕು ಅಥವಾ ತೆಗೆದು ಹೊಸದನ್ನು ಹಾಕಬೇಕು.

ಹೆದರಿಕೆಯಾದಾಗ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಬಿಗಿದಾಗ ತಳ್ಳಿದರೆ ನೋವು, ನೋವಿನಿಂದ ಇನ್ನಷ್ಟು ಬಿಗಿ. ಉಸಿರನ್ನು ನಿಧಾನ ಬಿಡುತ್ತ ಸೇರಿಸುವುದು, ನೀರಿನಂಶದ ಲೂಬ್ರಿಕೆಂಟನ್ನು ತುದಿಗೆ ಸವರುವುದು ನೆರವಾಗುತ್ತದೆ. ಆಗದಿದ್ದರೆ ಅಂದಿಗೆ ಬಿಟ್ಟುಬಿಡಬೇಕು. ಎರಡು ಮೂರು ತಿಂಗಳು ಹಿಡಿದರೆ ಅದರಲ್ಲಿ ವಿಶೇಷವೇನಿಲ್ಲ. ತಾಯಿಯಾಗಲಿ ಅಕ್ಕನಾಗಲಿ ಬಾಗಿಲ ಹೊರಗೆ ನಿಂತು ಮಾತಿನಲ್ಲಿ ಧೈರ್ಯ ಹೇಳಬಹುದು. ಕೈಹಾಕುವ ಕೆಲಸ ಹುಡುಗಿಯದೇ. ಅವಳು ಬೇಡವೆಂದರೆ ಪ್ಯಾಡ್ ಇದ್ದೇ ಇದೆ.

ತೆಗೆಯುವುದು ಸುಲಭ: ದಾರವನ್ನು ಸೇರಿಸಿದ ಓರೆಯಲ್ಲೇ ಮೆಲ್ಲಗೆ ಎಳೆದರೆ ಸಾಕು. 4ರಿಂದ 8 ಗಂಟೆಯೊಳಗೆ ಬದಲಿಸಬೇಕು, 8 ದಾಟಬಾರದು. ಈ ಗಡುವಿನ ಹಿಂದೊಂದು ಕಹಿ ಚರಿತ್ರೆಯಿದೆ. ಅಮೆರಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮಾರುತ್ತಿದ್ದ ಅತಿಯಾಗಿ ಹೀರುವ ‘ರಿಲೈ’ ಟ್ಯಾಂಪೂನ್ ಬಳಸಿದ ಹಲವು ಮಹಿಳೆಯರಲ್ಲಿ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಕಂಡಿತು, ಸಾವುಗಳೂ ಆದವು. 1980ರ ಸೆಪ್ಟೆಂಬರ್‌ನಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ವಿಷದಿಂದ ಬರುವ ಈ ಕಾಯಿಲೆ ಇಂದು ಬಹಳ ಅಪರೂಪ, ಆದರೆ ಬಂದರೆ ವೇಗವಾಗಿ ಏರುತ್ತದೆ. ದಿಢೀರ್ ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಗಂಧೆ ಕಂಡರೆ ಟ್ಯಾಂಪೂನ್ ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು, ಬಳಸುತ್ತಿದ್ದುದನ್ನು ವೈದ್ಯರಿಗೆ ಹೇಳಬೇಕು. ಹೇಳಲು ನಾಚುವುದೇ ಇಲ್ಲಿನ ನಿಜವಾದ ಅಪಾಯ. ಟ್ಯಾಂಪೂನ್‌ಗಳಲ್ಲಿ ಸೀಸ ಮುಂತಾದ ಲೋಹಗಳ ಅಂಶ ಪತ್ತೆಯಾಯಿತೆಂದು 2024ರಲ್ಲಿ ಬರ್ಕ್ಲಿಯ ಸಂಶೋಧಕರು ವರದಿ ಮಾಡಿದರು. ಅವು ಮೈಗೆ ಸೇರುತ್ತವೆಂದು ಆ ಅಧ್ಯಯನ ಹೇಳಲಿಲ್ಲ.

ಮನೆಯವರ ದೊಡ್ಡ ಆತಂಕ ಬೇರೆಯೇ: ಟ್ಯಾಂಪೂನ್‌ನಿಂದ ಕನ್ಯತ್ವ ಹೋದೀತೆಂಬುದು. ಅದನ್ನು ಬಾಯಿಬಿಟ್ಟು ಆಡುವವರೂ ಕಡಿಮೆ. ಯೋನಿದ್ವಾರದ ಅಂಚಿನ ಪದರಕ್ಕೆ ಕನ್ನಡ ‘ಕನ್ಯಾಪೊರೆ’ ಎಂದು ಹೆಸರಿಟ್ಟಿದೆ. ಆ ಹೆಸರೇ ಅರ್ಧ ಹಾನಿ ಮಾಡಿದೆ. ಅದು ಮುಚ್ಚಿದ ಪೊರೆಯಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಬರುತ್ತಲೇ ಇರಲಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಆಕಾರದ, ಹಿಗ್ಗುವ ಅಂಚು ಅದು. ಅದನ್ನು ನೋಡಿ ಯಾರ ನಡತೆಯನ್ನೂ ಹೇಳಲಾಗದು. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದು ನಿಲ್ಲಬೇಕು ಎಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅತ್ಯಾಚಾರ ಸಂತ್ರಸ್ತರ ಮೇಲೆ ‘ಎರಡು ಬೆರಳಿನ ಪರೀಕ್ಷೆ’ ನಡೆಸುವುದು ದುರ್ನಡತೆ ಎಂದು ಭಾರತದ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಈ ಆತಂಕ ಕೇವಲ ನಮ್ಮವರದೂ ಅಲ್ಲ: ಅಮೆರಿಕದ ಸ್ತ್ರೀರೋಗ ತಜ್ಞ ರಾಬರ್ಟ್ ಡಿಕಿನ್ಸನ್ 1945ರಲ್ಲಿ ಅಲ್ಲಿನ ವೈದ್ಯ ಪತ್ರಿಕೆಯಲ್ಲಿ ಟ್ಯಾಂಪೂನ್ ಪರವಾಗಿ ಬರೆಯಬೇಕಾಗಿ ಬಂದದ್ದು ಇಂಥದ್ದೇ ಶಂಕೆಗಳ ನಡುವೆ.

‘ನಮ್ಮ ಕಡೆ ಇದೆಲ್ಲ ಇಲ್ಲ’ ಎಂಬ ಮಾತಿಗೂ ಈಗ ಬಲವಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಶುಚಿ ಯೋಜನೆಯಡಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ ಹಂಚುವ ಕೆಲಸ ಆರಂಭಿಸಿತು. ಕಪ್ ಕೂಡ ಯೋನಿಯೊಳಗೇ ಇಡುವಂಥದ್ದು, ಗಾತ್ರದಲ್ಲಿ ಟ್ಯಾಂಪೂನಿಗಿಂತ ದೊಡ್ಡದು. ಮಂಗಳೂರಿನ ಕಾಲೇಜಿನಲ್ಲಿ ಸರ್ಕಾರವೇ ಕೊಡುವುದನ್ನು ವಕ್ರಾದ ಮನೆಯಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ತಡೆಯುವುದು ವಿಚಿತ್ರ.

ಹಲವು ಬಾರಿ ಪ್ರಯತ್ನಿಸಿದರೂ ಒಳಗೆ ಹೋಗದಿದ್ದರೆ, ಹೋದದ್ದು ತೆಗೆಯುವಾಗ ಸಿಕ್ಕಿಕೊಂಡಂತೆ ಆದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಕೆಲವರಲ್ಲಿ ಯೋನಿದ್ವಾರದ ಅಂಚಿನ ಪದರದ ರಂಧ್ರ ತೀರಾ ಸಣ್ಣದಿರುತ್ತದೆ ಅಥವಾ ನಡುವೆ ಎಳೆಯೊಂದು ಅಡ್ಡವಿರುತ್ತದೆ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಟ್ಯಾಂಪೂನ್ ಪೆಟ್ಟಿಗೆಯೊಂದನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಊರಿನಲ್ಲಿರುವ ಮಳೆಗಾಲದ ತೇವದಲ್ಲಿ ಅದು ಬಚ್ಚಲಿನಲ್ಲಿರದೆ ಒಣ ಜಾಗದಲ್ಲಿರಬೇಕು. ಬಳಸಿದ್ದನ್ನು ಕಮೋಡಿಗೆ ಹಾಕಿದರೆ ದೋಹಾದ ಫ್ಲ್ಯಾಟಿನ ಪೈಪೂ ಕಟ್ಟಿಕೊಳ್ಳುತ್ತದೆ, ಹಳ್ಳಿಮನೆಯ ಶೌಚದ ಗುಂಡಿ ಕೂಡ. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು. ಅಜ್ಜಿಮನೆಯ ಬಚ್ಚಲಲ್ಲಿ ಬುಟ್ಟಿಯೇ ಇಲ್ಲದಿದ್ದರೆ, ಹೋದ ದಿನವೇ ಮುಚ್ಚಳವಿರುವ ಒಂದನ್ನು ತಂದಿಡುವುದು ಮೊದಲ ಕೆಲಸ.